ಕೆಳಮಹಡಿಯ ಕೊನೆಯ ದೃಶ್ಯ

ಕೆ.ಆರ್. ಪುರ
17 ಆಗಸ್ಟ್ 2025

ಅಣ್ಣಾ,

ಫೋನ್ ಮಾಡಿದರೆ ನೀನು ಏನಾದರೊಂದು ತಮಾಷೆ ಮಾಡಿ ನನ್ನ ಸಿಟ್ಟು ಇಳಿಸಿಬಿಡುತ್ತೀಯ. ಈ ಸಲ ಸಿಟ್ಟು ಇಳಿಯುವುದು ನನಗೆ ಬೇಡ. ಅದಕ್ಕೇ ಮೇಲ್ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಿನ್ನ ಸಿನಿಮಾ ನೋಡಿದೆ. ಅಂಗಡಿಯಲ್ಲಿ ನನ್ನ ಜೊತೆ ಕೌಂಟರಿನಲ್ಲಿರುವ ನೂರ್ಜಹಾನಳನ್ನೂ ಎಳೆದುಕೊಂಡು ಹೋಗಿದ್ದೆ. ಹಲಸೂರು ಹತ್ತಿರದ ಥಿಯೇಟರು. ಪರದೆಯ ಮೇಲೆ ‘ಸಂಭಾಷಣೆ: ಭೀಮಾಶಂಕರ’ ಅಂತ ಬಂದಾಗ ನಾನೊಬ್ಬಳೇ ಶಿಳ್ಳೆ ಹೊಡೆದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಆ ಶಿಳ್ಳೆಯನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದರೆ ಇವತ್ತೇ ತೆಗೆದುಕೊಳ್ಳುತ್ತಿದ್ದೆ.

ಅದೇ ಹೆಸರಿಟ್ಟು ನೀವು ಸಿನಿಮಾ ಮಾಡಿದ ‘ಕೆಳಮಹಡಿ’ ಗೇಮ್ ಏನು ಅಂತ ನಿನಗೆ ಮರೆತುಹೋದಂತಿದೆ. ನೆನಪಿಸುತ್ತೇನೆ. ಅರ್ಧ ಕಟ್ಟಿ ಬಿಟ್ಟ ಅಪಾರ್ಟ್‌ಮೆಂಟು. ಗಾರೆ ಕೆಲಸಕ್ಕೆ ಬಂದ ಹೆಂಗಸು ಕಾಣೆಯಾಗಿದ್ದಾಳೆ. ಅವಳ ಮಗಳು ಚಿನ್ನಿ ಒಂದು ಟಾರ್ಚು ಹಿಡಿದು ಹುಡುಕುತ್ತಾ ಕೆಳಗೆ ಇಳಿಯುತ್ತಾಳೆ. ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಕತ್ತಲಲ್ಲಿರುವುದು ಅವಳ ಅವ್ವನ ದನಿಯಲ್ಲೇ ಕರೆಯುತ್ತದೆ. ಕೊನೆಯ ಬಾಗಿಲಿನ ಹಿಂದಿನಿಂದ ‘ಚಿನ್ನೀ, ತೆಗಿಯವ್ವ’ ಅನ್ನುತ್ತದೆ. ತೆಗೆದರೆ ಸತ್ತೆ. ಗೆಲ್ಲುವುದಕ್ಕೆ ಇರುವುದು ಒಂದೇ ದಾರಿ. ಆ ದನಿ ಹಿಂದೆ ಕರೆಯುತ್ತಿರುವಾಗಲೇ ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿ ಹೊರಗೆ ಬಿಸಿಲಿಗೆ ಬರಬೇಕು. ಅಷ್ಟೇ. ಸಂಗೀತವೂ ಇಲ್ಲ.

ಮಾರ್ಕೆಟ್ ಹಿಂದಿನ ಚಾಂದ್ ಪಾಷಾ ಭಾಯಿಯ ಗೇಮಿಂಗ್ ಸೆಂಟರಿನಲ್ಲಿ ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಆಡಿದೆವು. ಅವ್ವ ನಮ್ಮನ್ನು ಬಿಟ್ಟುಹೋಗಿ ಆಗ ಮೂರನೇ ವರ್ಷ. ನಾನು ಪ್ರತಿ ಸಲವೂ ಆ ಬಾಗಿಲು ತೆಗೆದು ಸಾಯುತ್ತಿದ್ದೆ. ನೀನು ನನ್ನ ಕೈ ಮೇಲೆ ಕೈಯಿಟ್ಟು, ‘ತಿರುಗಿ ನೋಡಬ್ಯಾಡ ಸೌಂದೂ, ಹತ್ತು. ಅಕಿ ಅವ್ವ ಅಲ್ಲ, ಹತ್ತು’ ಅಂದೆ. ನಾನು ಹತ್ತಿದೆ. ಆ ಗೇಮ್ ಇಲ್ಲದಿದ್ದರೆ ನಾನು ಶಾಲೆ ಮುಗಿಸುತ್ತಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಈಗ ಸಿನಿಮಾ. ಚಿನ್ನಿಯ ಕಥೆಯೊಳಗೆ ಪಿಸ್ತೂಲು ಹಿಡಿದ ಇನ್ಸ್‌ಪೆಕ್ಟರು ಎಲ್ಲಿಂದ ಬಂದ? ಗೋಡೆ ಒಡೆದುಕೊಂಡು ಬರುತ್ತಾನೆ, ಬಾಗಿಲೇ ಇದ್ದರೂ. ದೆವ್ವಕ್ಕೆ ಬಿಳಿ ಲೆನ್ಸು, ನೆಲ ಗುಡಿಸುವಷ್ಟು ಕೂದಲು. ನಮ್ಮ ಯಾದಗಿರಿ ಕಡೆಯ ಮಾತಾಡುವವರು ಇಡೀ ಸಿನಿಮಾದಲ್ಲಿ ಇಬ್ಬರು. ಇಬ್ಬರೂ ಗಾರೆ ಕೆಲಸದವರು, ನಗಿಸುತ್ತಾರೆ, ಆಮೇಲೆ ಸಾಯುತ್ತಾರೆ. ನಮ್ಮ ಅಪ್ಪ ಜಟ್ಟೆಪ್ಪ ಮೂವತ್ತು ವರ್ಷದಿಂದ ಈ ಊರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದಾನೆ. ಅವನ ಮಾತು ಕೇಳಿ ಯಾರೂ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಿಲ್ಲ.

ಕೊನೆಗೆ ಬಾಗಿಲು! ಚಿನ್ನಿ ಬಾಗಿಲು ತೆಗೆಯುತ್ತಾಳೆ. ಹಿಂದೆ ನಿಜವಾದ ಅವ್ವ. ಇಷ್ಟು ವರ್ಷ ಮಗಳಿಗಾಗಿ ಅಳುತ್ತಾ ಕೂತಿದ್ದಳಂತೆ. ಅಪ್ಪಿಕೊಳ್ಳುತ್ತಾರೆ. ಹಾಡು. ಪಿಟೀಲು. ಥಿಯೇಟರಿನಲ್ಲಿ ಜನ ಮೂಗು ಒರೆಸಿಕೊಳ್ಳುತ್ತಿದ್ದರು. ನೂರ್ಜಹಾನ್ ನನ್ನ ಕಡೆ ನೋಡಿ, “ಅರೆ, ನೀನ್ಯಾಕೆ ಅಳ್ತಿಲ್ಲ?” ಅಂದಳು. ನನಗೆ ವಾಂತಿ ಬರುವ ಹಾಗಾಗಿತ್ತು.

ಒಂದೇ ಒಂದು ದೃಶ್ಯ ಸರಿಯಿದೆ. ಚಿನ್ನಿ ಮೆಟ್ಟಿಲ ಮೇಲೆ ಕೂತು ಅವ್ವನ ಡಬ್ಬಿ ಬಿಚ್ಚಿ, ಹಳಸಿದ ಅನ್ನ ಮೂಸಿ ನೋಡಿ, ಆದರೂ ತಿನ್ನುತ್ತಾಳಲ್ಲ, ಅದು. ಅದನ್ನು ಬರೆದವನು ನೀನೇ ಅಂತ ನೋಡಿದ ಕೂಡಲೇ ಗೊತ್ತಾಯಿತು. ಉಳಿದದ್ದನ್ನು ಆ ನಿರ್ದೇಶಕ ಪ್ರೇಮ್‌ಕುಮಾರ್ ನಿನ್ನ ಕೈ ಹಿಡಿದು ಬರೆಸಿರಬೇಕು. ಹೌದು ಅಂತ ಹೇಳು ಸಾಕು.

ಸೌಂದರ್ಯಾ

*

ಹೈದರಾಬಾದ್
20 ಆಗಸ್ಟ್ 2025

ಸೌಂದೂ,

ಓದಿದೆ. ಎರಡು ಸಲ ಓದಿದೆ. ಇಷ್ಟು ಉದ್ದ ನೀನು ಪರೀಕ್ಷೆಯಲ್ಲೂ ಬರೆದದ್ದಿಲ್ಲ.

ಗೇಮ್ ಆಡುವವನು ಒಬ್ಬನೇ ಕೂತು ಆಡುತ್ತಾನೆ. ಸಿನಿಮಾಕ್ಕೆ ಬರುವವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅವರನ್ನು ಎರಡೂವರೆ ಗಂಟೆ ಕತ್ತಲಲ್ಲಿ ಹೆದರಿಸಿ, ಕೊನೆಗೆ ‘ನಿಮ್ಮ ಅವ್ವ ಸಿಗಲ್ಲ, ಮನೆಗೆ ಹೋಗಿ’ ಅಂತ ಕಳಿಸಲು ಆಗುತ್ತದೆಯೇ? ಇನ್ಸ್‌ಪೆಕ್ಟರ್ ಇಲ್ಲದಿದ್ದರೆ ನಿರ್ಮಾಪಕರು ಸಿಗುತ್ತಿರಲಿಲ್ಲ. ಗೋಡೆ ಒಡೆಯುವ ವಿಷಯ ನಾನೂ ಕೇಳಿದೆ. ‘ಬಾಗಿಲಲ್ಲಿ ಬಂದ್ರೆ ಮಾಸ್ ಇರಲ್ಲ’ ಅಂದರು. ನಕ್ಕೆ, ಸುಮ್ಮನಾದೆ.

ಗಾರೆ ಕೆಲಸದವರ ವಿಷಯದಲ್ಲಿ ನೀನು ಹೇಳಿದ್ದು ಸರಿ. ಸ್ಕ್ರಿಪ್ಟಿನಲ್ಲಿ ಅವರಿಗೆ ಇನ್ನೂ ಮಾತಿದ್ದವು. ಎಡಿಟಿಂಗಿನಲ್ಲಿ ನಗು ಬರುವುದು ಮಾತ್ರ ಉಳಿಯಿತು.

ಉಳಿದದ್ದನ್ನು ಯಾರು ಬರೆದರು, ಯಾರು ಬರೆಸಿದರು ಅನ್ನುವುದನ್ನು ಈಗ ಕೆದಕುವುದು ಬೇಡ. ಸಿನಿಮಾ ಎಂದರೆ ಹತ್ತು ಜನರ ಕೈ.

ಒಂದು ಮಾತು ಕೇಳಬೇಕು. ನಿನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಈ ಸಿನಿಮಾ ಬಗ್ಗೆ ಸದ್ಯಕ್ಕೆ ಏನೂ ಹಾಕಬೇಡ. ಎರಡನೇ ವಾರ ದಾಟಲಿ. ಪ್ರೇಮ್‌ಕುಮಾರ್ ಸರ್ ಮುಂದಿನ ಸಿನಿಮಾಕ್ಕೂ ನನ್ನನ್ನು ಕರೆದಿದ್ದಾರೆ, ಈ ಸಲ ಚಿತ್ರಕಥೆಗೇ. ಕೆ.ಆರ್. ಪುರದ ಬಾಡಿಗೆ ಕೋಣೆಯಿಂದ ಬಂದವನಿಗೆ ಇಂಥದ್ದು ಎಷ್ಟು ಸಲ ಸಿಗುತ್ತದೆ, ನೀನೇ ಹೇಳು.

ಅಪ್ಪನ ಬೆನ್ನು ನೋವು ಹೇಗಿದೆ? ಸಿನಿಮಾಕ್ಕೆ ಅವನನ್ನು ಕರೆದುಕೊಂಡು ಹೋಗಬೇಡ.

ಅಣ್ಣ

*

ಕೆ.ಆರ್. ಪುರ
24 ಆಗಸ್ಟ್ 2025

ಅಣ್ಣಾ,

ತಡವಾಯಿತು. ನಿನ್ನ ಮೇಲ್ ನೋಡುವ ಮೊದಲೇ ವಿಡಿಯೊ ಹಾಕಿದ್ದೆ. ನೋಡಿದ ಮೇಲೆ ತೆಗೆಯಬಹುದಿತ್ತು. ತೆಗೆಯಲಿಲ್ಲ.

ಇಷ್ಟು ದಿನ ನನ್ನ ವಿಡಿಯೊ ನೋಡುತ್ತಿದ್ದವರು ನಮ್ಮ ಕಡೆಯ ನಾಲ್ಕು ಹುಡುಗರು ಮತ್ತು ನೂರ್ಜಹಾನಳ ತಮ್ಮ ಓವೈಸ್. ಇದನ್ನು ಊರೆಲ್ಲ ನೋಡುತ್ತಿದೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹುಡುಗಿಯ ಫೋನಿನಲ್ಲಿ ನನ್ನದೇ ದನಿ ಕೇಳಿಸಿತು. ಅವಳು ತಲೆ ಎತ್ತಿ ನನ್ನನ್ನು ನೋಡಿ, “ಅಕ್ಕ, ಇದು ನೀವೇ ಅಲ್ವಾ? ಸಖತ್ತಾಗಿ ಉಗಿದಿದ್ದೀರ” ಅಂದಳು. ಚಾಂದ್ ಪಾಷಾ ಭಾಯಿ ಫೋನ್ ಮಾಡಿ “ಸಹೀ ಬೋಲಿ ಬೇಟಾ, ಸರಿಯಾಗೇ ಹೇಳಿದೆ” ಅಂದರು. ಗೇಮ್ ಆಡಿದವರೆಲ್ಲ ನನ್ನ ಕಡೆ. ಹೀರೋ ಅಭಿಮಾನಿಗಳು ಬರೆದಿರುವುದನ್ನು ಇಲ್ಲಿ ಬರೆಯಲು ಆಗುವುದಿಲ್ಲ. ನನ್ನ ಬಣ್ಣ, ನನ್ನ ಮಾತು, ನಾನು ಯಾವ ಜಿಲ್ಲೆಯವಳು, ಎಲ್ಲವನ್ನೂ ಎತ್ತಿ ಆಡಿದ್ದಾರೆ.

ಎಲ್ಲರೂ ಕತ್ತರಿಸಿ ಹಂಚುತ್ತಿರುವ ತುಣುಕು ನಿನಗೂ ಬಂದಿರುತ್ತದೆ. ಆದರೂ ಬರೆಯುತ್ತೇನೆ: “ಬಿಟ್ಟುಹೋದೋರು ಬಾಗಿಲ ಹಿಂದೆ ಕೂತು ಅಳ್ತಾ ಇರಲ್ಲ ಸ್ವಾಮಿ. ಬೇರೆ ಊರಲ್ಲಿ ಬೆಳಗ್ಗೆ ಎದ್ದು ಟೀ ಕುಡೀತಾ ಇರ್ತಾರೆ. ಈ ಕೊನೆ ಸೀನ್ ಬರೆದವನನ್ನ ಯಾರೂ ಯಾವತ್ತೂ ಬಿಟ್ಟುಹೋಗಿಲ್ಲ ಅನ್ನಿಸುತ್ತೆ. ಪುಣ್ಯವಂತ.”

ನಿನ್ನ ಹೆಸರು ನಾನು ಎಲ್ಲಿಯೂ ಎತ್ತಿಲ್ಲ. ಡಬ್ಬಿಯ ದೃಶ್ಯವನ್ನು ಮಾತ್ರ ಹೊಗಳಿದ್ದೇನೆ. ಅದನ್ನಾದರೂ ನೋಡು.

ಅಪ್ಪ ಕೆಲಸಕ್ಕೆ ಹೋಗುತ್ತಿದ್ದಾನೆ. ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದೇನೆ.

ಸೌಂದರ್ಯಾ

*

ಹೈದರಾಬಾದ್
2 ಸೆಪ್ಟೆಂಬರ್ 2025

ಸೌಂದರ್ಯಾ,

ಅಭಿನಂದನೆ. ಪ್ರೇಮ್‌ಕುಮಾರ್ ಸರ್ ನಿನ್ನೆ ಕರೆದಿದ್ದರು. ನಿನ್ನ ವಿಡಿಯೊವನ್ನು ದೊಡ್ಡ ಟಿವಿಯಲ್ಲಿ ಹಾಕಿ ಕೂರಿಸಿದರು. ಮುಗಿದ ಮೇಲೆ, “ಇವ್ಳು ನಿನ್ ತಂಗಿ ಅಂತೆ?” ಅಂದರು. ಹೌದು ಅಂದೆ. “ಮನೇಲೇ ಒಪ್ಪಿಸೋಕೆ ಆಗದಿರೋ ಕ್ಲೈಮ್ಯಾಕ್ಸ್‌ನ ನನ್ ತಲೆಗೆ ಕಟ್ಟಿದ್ಯಲ್ಲಪ್ಪ” ಅಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮುಂದಿನ ಸಿನಿಮಾಕ್ಕೆ ಬೇರೆಯವರು ಬರೆಯುತ್ತಾರೆ.

ಅವರು ಹೇಳಿದ ಮಾತು ಸರಿಯಾಗಿ ಓದಿದೆಯಾ? ಇಲ್ಲದಿದ್ದರೆ ನಾನೇ ಬಿಡಿಸಿ ಹೇಳುತ್ತೇನೆ. ಆ ಕೊನೆಯ ದೃಶ್ಯ ಬರೆದವನು ನಾನು. ಯಾರೂ ಕೈ ಹಿಡಿದು ಬರೆಸಲಿಲ್ಲ. ಪ್ರೇಮ್‌ಕುಮಾರ್ ಸರ್‌ಗೆ ಗೇಮಿನ ಹಾಗೆಯೇ ಬೇಕಿತ್ತು. ಹುಡುಗಿ ಒಬ್ಬಳೇ ಮೆಟ್ಟಿಲು ಹತ್ತಲಿ, ಹಿಂದೆ ದನಿ ಇರಲಿ, ಸಾಕು ಅಂದಿದ್ದರು. ನಾನು ವಾರಗಟ್ಟಲೆ ಅವರ ಬೆನ್ನು ಹತ್ತಿ ಜಗಳವಾಡಿ, ಬಾಗಿಲು ತೆಗೆಸಿ, ಅವ್ವನನ್ನು ಅಲ್ಲಿ ಕೂರಿಸಿದೆ.

ನೀನು ಹೊಗಳಿದ ಡಬ್ಬಿಯ ದೃಶ್ಯ ನನ್ನದಲ್ಲ. ಅದು ಅವರದ್ದು. ಅವರ ಚಿಕ್ಕಂದಿನಲ್ಲಿ ನಡೆದದ್ದಂತೆ. ನನ್ನ ಬರಹ ಯಾವುದು ಅಂತ ನೋಡಿದ ಕೂಡಲೇ ಗೊತ್ತಾಯಿತು ಅಂದೆಯಲ್ಲ, ಏನು ಗೊತ್ತಾಯಿತು ನಿನಗೆ?

‘ಬರೆದವನನ್ನ ಯಾರೂ ಬಿಟ್ಟುಹೋಗಿಲ್ಲ.’ ಊರೆಲ್ಲ ಕೇಳುವ ಹಾಗೆ ಹೇಳಿದೆ. ಅವಳು ಹೋದಾಗ ನಿನಗೆ ಒಂಬತ್ತು, ನನಗೆ ಹದಿನೈದು. ನಿನ್ನ ತಲೆ ಬಾಚಿದವನು ನಾನು. ಅಪ್ಪ ಸೈಟಿನಿಂದ ಬರುವುದರೊಳಗೆ ಅನ್ನಕ್ಕಿಟ್ಟವನು ನಾನು. ಅಳುವುದಕ್ಕೆ ಒಂದು ಮೂಲೆಯೂ ಇಲ್ಲದ ಕೋಣೆ ಅದು. ಒಂದು ಸಿನಿಮಾದಲ್ಲಾದರೂ ಆ ಹೆಂಗಸು ಅಳಲಿ ಅಂತ ಬರೆದೆ. ನಿನಗೆ ವಾಂತಿ ಬಂತು.

ಭೀಮಾಶಂಕರ

*

ಕೆ.ಆರ್. ಪುರ
3 ಸೆಪ್ಟೆಂಬರ್ 2025

ಅಣ್ಣಾ,

ಕೆಲಸ ಹೋದದ್ದಕ್ಕೆ ಬೇಸರವಿದೆ. ಹೇಳಿದ ಮಾತಿಗೆ ಇಲ್ಲ.

ನೀನು ಅನ್ನಕ್ಕಿಟ್ಟದ್ದೂ ತಲೆ ಬಾಚಿದ್ದೂ ನನಗೆ ಮರೆತಿಲ್ಲ. ಅದನ್ನು ಈಗ ಹೇಳಿ ನನ್ನ ಬಾಯಿ ಕಟ್ಟಬೇಡ. ‘ಹತ್ತು, ತಿರುಗಿ ನೋಡಬೇಡ’ ಅಂದವನು ನೀನು. ಶಾಲೆಯಲ್ಲಿ ತಾಯಂದಿರ ಸಭೆಯಿದ್ದಾಗ ಅದನ್ನೇ ಅಂದುಕೊಂಡೆ. ಮೊದಲ ಸಲ ಮುಟ್ಟಾದಾಗ, ಪಕ್ಕದ ಮನೆಯ ದೊಡ್ಡಮುನಿಯಮ್ಮನ ಹತ್ತಿರ ಹೋಗಿ ನಿಂತುಕೊಂಡಾಗ, ಅದನ್ನೇ ಅಂದುಕೊಂಡೆ. ನನ್ನನ್ನು ಮೆಟ್ಟಿಲು ಹತ್ತಿಸಿದವನೇ ಹಿಂದೆ ಉಳಿದು ಬಾಗಿಲು ಬಡಿಯುತ್ತಿದ್ದ ಅಂತ ಈಗ ಗೊತ್ತಾಗುತ್ತಿದೆ.

ಆ ಹೆಂಗಸು ಅಳಲಿ ಅಂತ ಬರೆದೆಯಾ? ಅವಳು ಅಳಲಿಲ್ಲ ಅಣ್ಣಾ. ಅದಕ್ಕೇ ತಾನೆ ಬರಲಿಲ್ಲ. ನಮಗೆ ಆದದ್ದನ್ನು ಸುಳ್ಳು ಮಾಡಿ, ಪಿಟೀಲು ಬಾರಿಸಿ, ಟಿಕೆಟ್ಟು ಹರಿದು ಒಳಗೆ ಬಿಟ್ಟೆ. ದೆವ್ವದ ಗೇಮಿಗಿದ್ದ ಪ್ರಾಮಾಣಿಕತೆ ನಿನಗಿರಲಿಲ್ಲ.

ಇನ್ನು ಬರೆಯಬೇಡ. ಅಪ್ಪನಿಗೆ ಫೋನ್ ಮಾಡು, ಅವನು ಕೇಳುತ್ತಿರುತ್ತಾನೆ. ನನಗೆ ಬೇಡ.

ಸೌಂದರ್ಯಾ

*

ಹೈದರಾಬಾದ್
28 ಸೆಪ್ಟೆಂಬರ್ 2025

ಸೌಂದೂ,

ಬರೆಯಬೇಡ ಅಂದಿದ್ದೆ. ಆದರೂ ಬರೆಯುತ್ತಿದ್ದೇನೆ, ಇದನ್ನು ಇನ್ನೊಬ್ಬರ ಬಾಯಿಂದ ನೀನು ಕೇಳಬಾರದು.

ನಾನು ಅವ್ವನನ್ನು ನೋಡಿದ್ದೇನೆ. ಈಗಲ್ಲ, ಎರಡು ವರ್ಷದ ಹಿಂದೆ.

ಸಿಕಂದರಾಬಾದ್ ಸ್ಟೇಷನ್ನಿನ ಹತ್ತಿರ ಸಂಜೆ ಹೊತ್ತು ರಸ್ತೆ ಬದಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಹೆಂಗಸರ ಸಾಲಿದೆ. ಒಂದು ಸಂಜೆ ಅಲ್ಲಿ ನಡೆದು ಹೋಗುತ್ತಿದ್ದೆ. ತೆಲುಗು ಗದ್ದಲದ ನಡುವೆ ಒಂದು ದನಿ, “ಏ, ಹಂಚಿನ ಮ್ಯಾಲ ಕೈ ಇಡಬ್ಯಾಡಪಾ, ಸುಡ್ತದ” ಅಂತ ಯಾರಿಗೋ ಬೈದಿತು. ಮುಖ ನೋಡುವ ಮೊದಲೇ ನನ್ನ ಕಾಲು ನಿಂತವು.

ಹತ್ತಿರ ಹೋಗಿ “ಅವ್ವಾ” ಅಂದೆ. ತಲೆ ಎತ್ತಿ ನೋಡಿದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಭೀಮ್ಯಾ ಏನು? ಮೀಸಿ ನಿಮ್ಮಪ್ಪನಂಗೇ ಬಂದಾವ. ಕುಂದರು, ಗಿರಾಕಿ ಹೋಗ್ಲಿ.”

ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೆ. ಗಿರಾಕಿಗಳು ಹೋಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ನನ್ನ ಮುಂದೆ ರೊಟ್ಟಿ, ಪುಂಡಿಪಲ್ಯ ಇಟ್ಟಳು. ತಿನ್ನುತ್ತಲೇ ಕೇಳಿದೆ.

“ಅಪ್ಪ ಹೊಡೀತಿದ್ದನೇನು?”

“ಇಲ್ಲಪಾ. ಅವ ಪಾಪದಂವ.”

“ಬ್ಯಾರೆ ಯಾರರ ಇದ್ದರೇನು?”

“ಯಾರೂ ಇದ್ದಿಲ್ಲ.”

“ಮತ್ತ ಯಾಕ ಹೋದಿ?”

“ಸಾಕಾಗಿತ್ತು. ಗಾರಿ ಹೊತ್ತೆ, ನೀರ ಹೊತ್ತೆ, ನಿಮ್ಮನ್ನ ಹೊತ್ತೆ. ಒಂದಿನ ಬಸ್ ಸ್ಟ್ಯಾಂಡಿನಾಗ ಕುಂತಿದ್ದೆ. ಹೈದರಾಬಾದ್ ಬಸ್ ಬಂತು. ಹತ್ತಿದೆ.”

“ತಿರುಗಿ ಬರಬೇಕು ಅನಸಲಿಲ್ಲೇನು?”

“ಅನಸ್ತಿತ್ತು. ಬರಲಿಲ್ಲ.”

ಅಷ್ಟೇ. ಅಳಲಿಲ್ಲ. ತಲೆ ಸವರಲಿಲ್ಲ. ನಿನ್ನ ಬಗ್ಗೆ ಕೇಳಿದಳು. ಎತ್ತರ ಆಗಿದ್ದಾಳಾ, ಈಗಲೂ ನಿದ್ದೆಯಲ್ಲಿ ಮಾತಾಡುತ್ತಾಳಾ ಅಂತ. ಅವತ್ತಿನಿಂದ ತಿಂಗಳಿಗೊಮ್ಮೆ ಹೋಗಿ ರೊಟ್ಟಿ ತಿಂದು ಬರುತ್ತೇನೆ. ನಿನಗೆ ಹೇಳಲಿಲ್ಲ. ಆ ‘ಬರಲಿಲ್ಲ’ ಅನ್ನುವ ಉತ್ತರವನ್ನು ನಿನ್ನ ಕೈಗೆ ಹೇಗೆ ಕೊಡಲಿ? ನನಗೇ ನುಂಗಲು ಆಗಿರಲಿಲ್ಲ. ಅದಕ್ಕೇ ಸಿನಿಮಾದಲ್ಲಿ ಬೇರೆ ಉತ್ತರ ಬರೆದೆ.

ಕಳೆದ ವಾರ ಅವಳಿಗೆ ‘ಕೆಳಮಹಡಿ’ ತೋರಿಸಿದೆ. ಅಳುತ್ತಾಳೆ, ಅರ್ಥ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಕೊನೆಯ ದೃಶ್ಯದಲ್ಲಿ ನನ್ನ ಕಡೆ ಬಾಗಿ, “ಈಕಿ ಇಷ್ಟ್ ವರ್ಷ ಬಾಗಲ ಹಿಂದ ಏನ್ ತಿಂದಳು?” ಅಂದಳು.

ಹೊರಗೆ ಬಂದ ಮೇಲೆ ಸಿಟ್ಟಿನಲ್ಲಿ, ನಿನ್ನ ಮಗಳೂ ಹೀಗೇ ಅಂದಿದ್ದಾಳೆ ನೋಡು ಅಂತ ನಿನ್ನ ವಿಡಿಯೊ ಹಾಕಿ ಕೊಟ್ಟೆ. ಫೋನನ್ನು ಮುಖದ ಹತ್ತಿರ ಹಿಡಿದು ಪೂರ್ತಿ ನೋಡಿದಳು. “ಮತ್ತೊಮ್ಮೆ ಹಾಕು” ಅಂದಳು. ಮತ್ತೆ ನೋಡಿದಳು. ಆಮೇಲೆ ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: “ಈಕಿ ಹೇಳಿದ್ದು ಖರೇ ಅದ. ನೀ ಬರದಿದ್ದು ಸುಳ್ಳದ. ನಾ ಎಲ್ಲೂ ಅಳಕೋತ ಕುಂತಿರಲಿಲ್ಲ. ಈಕಿನ್ನ ನೋಡಬೇಕು ನಾ.”

ನಾನು ನಿನ್ನ ಎದುರಿಗೂ ಸೋತೆ, ಅವಳ ಎದುರಿಗೂ ಸೋತೆ. ಬೆಂಗಳೂರಿಗೆ ಬರುತ್ತೇನೆ ಅನ್ನುತ್ತಿದ್ದಾಳೆ. ಏನು ಹೇಳಲಿ?

ಅಣ್ಣ

*

ಕೆ.ಆರ್. ಪುರ
30 ಸೆಪ್ಟೆಂಬರ್ 2025

ಎರಡು ವರ್ಷ. ನೀನು ಯುಗಾದಿಗೆ ಬಂದಿದ್ದೆ, ದೀಪಾವಳಿಗೆ ಬಂದಿದ್ದೆ. ಇದೇ ಚಾಪೆಯ ಮೇಲೆ ನನ್ನ ಎದುರಿಗೆ ಕೂತು ಉಂಡೆ. ನಾನು ಮಾಡಿದ ರೊಟ್ಟಿ ದಪ್ಪ ಅಂತ ಅಂದೆ. ಯಾರ ರೊಟ್ಟಿಗೆ ಹೋಲಿಸಿ ಅಂದೆ ಅಂತ ಈಗ ತಿಳಿಯಿತು.

ಬರಬೇಡ ಅಂತ ಹೇಳು. ನೀನೂ ಬರಬೇಡ. ಅಪ್ಪನಿಗೆ ಇದು ಗೊತ್ತಾಗುವುದು ಬೇಡ.

*

ಹೈದರಾಬಾದ್
14 ಅಕ್ಟೋಬರ್ 2025

ಸೌಂದೂ,

ಹೇಳಿದೆ. “ಬರಬ್ಯಾಡ ಅಂದಳೇನು? ಅನ್ನಲಿ” ಅಂದಳು. ನೀನು ಕೆಲಸ ಮಾಡುವುದು ಎಲ್ಲಿ ಅಂತ ಕೇಳಿದಳು. ಇಂದಿರಾನಗರದ ಕನ್ನಡಕದ ಅಂಗಡಿ ಅಂತ ಬಾಯಿಗೆ ಬಂದುಬಿಟ್ಟಿತು. ಹೆಸರೂ ಹೇಳಿದೆ.

ಮನೆಗೆ ಬರುವುದಿಲ್ಲವಂತೆ. “ಆ ಮನಿ ನಂದಲ್ಲ ಈಗ” ಅಂದಳು.

ಅವಳನ್ನು ತಡೆಯುವ ಶಕ್ತಿ ನನಗಿಲ್ಲ. ನಿನ್ನನ್ನು ತಡೆಯುವುದಕ್ಕೂ ಇರಲಿಲ್ಲ. ಬಂದರೆ ಹೊರಗೆ ಕಳಿಸಬೇಕೋ ಮಾತಾಡಬೇಕೋ ಅದು ನಿನಗೆ ಬಿಟ್ಟದ್ದು. ಏನು ಮಾಡಿದರೂ ನಾನು ಒಂದು ಮಾತೂ ಅನ್ನುವುದಿಲ್ಲ.

ಅಣ್ಣ

*

ಕೆ.ಆರ್. ಪುರ
2 ನವೆಂಬರ್ 2025

ಅಣ್ಣಾ,

ಬಂದಿದ್ದಳು.

ಶುಕ್ರವಾರ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹಸಿರು ಇಳಕಲ್ ಸೀರೆ ಉಟ್ಟ ಹೆಂಗಸು ಗಾಜಿನ ಬಾಗಿಲು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಹೊರಗೆ ನಿಂತಿದ್ದಳು. ನೂರ್ಜಹಾನ್ ಎದ್ದು ಹೋಗಿ ತೆಗೆದು, “ಬನ್ನಿ ಆಂಟಿ, ಕಣ್ಣು ಟೆಸ್ಟ್ ಮಾಡಿಸ್ಬೇಕಾ?” ಅಂದಳು. ಅವಳು ನನ್ನನ್ನು ನೋಡುತ್ತಲೇ “ಹೂನವ್ವ, ಮಾಡು” ಅಂದಳು.

ನನಗೆ ತಕ್ಷಣ ಗೊತ್ತಾಯಿತು. ಕೈಯಲ್ಲಿದ್ದ ಫ್ರೇಮುಗಳನ್ನು ಸುಮ್ಮನೆ ಜೋಡಿಸುತ್ತಾ ಇದ್ದೆ. ಒಳಗಿನ ಕೋಣೆಯಲ್ಲಿ ನೂರ್ಜಹಾನ್ ಅವಳ ಕಣ್ಣಿಗೆ ಒಂದೊಂದೇ ಗಾಜು ಇಟ್ಟು ಕನ್ನಡ ಅಕ್ಷರದ ಬೋರ್ಡು ತೋರಿಸಿ ಓದಿಸುತ್ತಿದ್ದಳು. ಅವಳು ‘ಅ’ ಅಂದಳು, ‘ಗ’ ಅಂದಳು, ಆಮೇಲೆ, “ನಂಗ ಓದ್ಲಕ ಇಷ್ಟೇ ಬರ್ತದವ್ವ, ಕಣ್ಣಿಂದಲ್ಲ ತಪ್ಪು” ಅಂದಳು. ನೂರ್ಜಹಾನ್ ನಕ್ಕಳು. ನಾನು ಒಳಗೆ ಹೋಗಿ, “ಈಕಿ ನನ್ನ ಅವ್ವ” ಅಂದೆ. ನೂರ್ಜಹಾನ್ ನಗು ನಿಲ್ಲಿಸಿದಳು. “ಹೋಗು, ಚಾ ಕುಡ್ಕೊಂಡ್ ಬಾ. ನಾನ್ ನೋಡ್ಕೋತೀನಿ” ಅಂದಳು.

ಮೂಲೆಯ ದರ್ಶಿನಿಗೆ ಕರೆದುಕೊಂಡು ಹೋದೆ. ನಿಂತುಕೊಂಡು ತಿನ್ನುವ ಜಾಗ. ಅವಳಿಗೆ ಇಡ್ಲಿ ತಂದುಕೊಟ್ಟೆ.

“ಯಾಕ ಬಂದಿ?”

“ನಿನ್ನ ನೋಡ್ಲಕ.”

“ನೋಡಿದೆಲ್ಲ, ಹೋಗು.”

“ಇನ್ನೂ ಪೂರಾ ನೋಡಿಲ್ಲ.”

“ಮಾಫಿ ಕೇಳ್ಲಕ ಬಂದಿಯೇನು?”

“ಇಲ್ಲ. ಕೇಳಿದರ ನೀ ಕೊಡ್ತಿ ಏನು?”

“ಇಲ್ಲ.”

“ಮತ್ತ ಯಾಕ ಕೇಳ್ಲಿ?”

ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ ಅಣ್ಣಾ. ಬೈದೆ. ವಿಡಿಯೊದಲ್ಲಿ ಬೈಯುವ ಹಾಗಲ್ಲ, ನಿಜವಾಗಿ. ನಮ್ಮ ಊರಿನ ಮಾತಿನಲ್ಲಿ, ಬಾಯಿಗೆ ಬಂದ ಹಾಗೆ. ಟೈಫಾಯ್ಡ್ ಬಂದು ಮಲಗಿದ್ದಾಗ ಅವಳನ್ನು ಕರೆದದ್ದು ಹೇಳಿದೆ. ಸಭೆಗೆ ಯಾರೂ ಬಾರದೆ ಟೀಚರು ಎಲ್ಲರೆದುರು ಕೇಳಿದ್ದು ಹೇಳಿದೆ. ಅಪ್ಪ ಬಸ್ ಸ್ಟ್ಯಾಂಡಿಗೆ ದಿನವೂ ಹೋಗಿ ನಿಂತು, ಆಮೇಲೆ ಭಾನುವಾರ ಮಾತ್ರ ಹೋಗಿ, ಆಮೇಲೆ ಹೋಗುವುದನ್ನೇ ಬಿಟ್ಟದ್ದು ಹೇಳಿದೆ. ಕಾಫಿ ಕುಡಿಯುತ್ತಿದ್ದ ಐಟಿಯವರು ಲೋಟ ಹಿಡಿದುಕೊಂಡು ದೂರದ ಟೇಬಲ್ಲಿಗೆ ಸರಿದರು. ಮಾಲೀಕರು ಕೌಂಟರಿನಿಂದ, “ಏನಮ್ಮಾ, ಏನಾಯ್ತು?” ಅಂದರು. “ನಮ್ಮನಿ ಮಾತದ, ನೀವು ಸುಮ್ನಿರ್ರಿ” ಅಂದಳು ಅವಳು.

ಅವಳು ಓಡಲಿಲ್ಲ. ಸಬೂಬೂ ಹೇಳಲಿಲ್ಲ. ಇಡ್ಲಿ ಮುಟ್ಟದೆ, ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದಳು. ಉಸಿರು ತೆಗೆದುಕೊಳ್ಳಲು ನಾನು ನಿಲ್ಲಿಸಿದಾಗ, “ಇನ್ನ ಅದಾವೇನು?” ಅಂದಳು.

“ಅದಾವ.”

“ಹೇಳು.”

ಹೇಳಿದೆ. ದನಿ ಹೋಗುವವರೆಗೂ ಹೇಳಿದೆ. ಕೊನೆಗೆ ನನ್ನ ಕಣ್ಣಲ್ಲಿ ನೀರು ಬಂತು, ಅವಳ ಕಣ್ಣಲ್ಲಿ ಬರಲಿಲ್ಲ. ಸೆರಗು ಎತ್ತಿ ನನ್ನ ಮುಖದ ಹತ್ತಿರ ತಂದಳು, ಒರೆಸದೆ ಕೆಳಗೆ ಬಿಟ್ಟಳು. ಒರೆಸಿದ್ದರೆ ಕೈ ತಳ್ಳುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ.

“ಆ ಸಿನಿಮಾದಾಗ ಅಪ್ಪಿಕೋತಾರ ನೋಡು,” ಅಂದಳು, “ನಂಗ ಅಲ್ಲೇ ಎದ್ದು ಹೋಗಬೇಕು ಅನಸ್ತು.”

“ನಂಗೂ,” ಅಂದೆ.

ಅಂಗಡಿಗೆ ವಾಪಸ್ ಬಂದೆವು. ನೂರ್ಜಹಾನ್ ಕಪ್ಪು ಫ್ರೇಮು ಆರಿಸಿ ಇಟ್ಟಿದ್ದಳು. “ರೆಡಿ ಆದ್ಮೇಲೆ ಕೊರಿಯರ್ ಮಾಡ್ತೀವಿ ಆಂಟಿ, ಅಡ್ರೆಸ್ ಹೇಳಿ” ಅಂದಳು. ಅವಳು ಬೇಡ ಅಂತ ಕೈ ಆಡಿಸಿದಳು. “ನಾನೇ ಬರ್ತೀನವ್ವ. ಈಕೀದು ಇನ್ನೂ ಮುಗದಿಲ್ಲ.”

ನಿನ್ನ ಸಿನಿಮಾ ಈಗಲೂ ಕೆಟ್ಟದ್ದೇ. ವಿಡಿಯೊ ತೆಗೆಯುವುದಿಲ್ಲ. ನೀನು ಮುಚ್ಚಿಟ್ಟ ಎರಡು ವರ್ಷಕ್ಕೆ ನಿನ್ನನ್ನು ಬೈಯುವುದು ಬಾಕಿಯಿದೆ, ಅದನ್ನು ಮೇಲ್‌ನಲ್ಲಿ ಮುಗಿಸಲು ಆಗುವುದಿಲ್ಲ. ಅವಳನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಇಷ್ಟು ವರ್ಷ ಯಾರೂ ಇಲ್ಲದ ಕಡೆಗೆ ಬೈಯುತ್ತಿದ್ದೆ. ಈಗ ಎದುರಿಗೆ ನಿಂತು ಬೈಸಿಕೊಳ್ಳಲು ಒಬ್ಬಳು ಬರುತ್ತಿದ್ದಾಳೆ. ಅದು ಬೇಡ ಅನ್ನುವಷ್ಟು ದೊಡ್ಡವಳು ನಾನಲ್ಲ.

ಅಪ್ಪನಿಗೆ ಹೇಳಬಾರದು ಅಂದುಕೊಂಡಿದ್ದೆ. ಇವತ್ತು ಬೆನ್ನಿಗೆ ಎಣ್ಣೆ ಹಚ್ಚುವಾಗ ಬಾಯಿ ಬಿಟ್ಟೆ. ಅವನು ಬೋರಲು ಮಲಗಿದ್ದ.

“ಸೊರಗ್ಯಾಳೇನು?” ಅಂದ.

“ಇಲ್ಲ. ಕಣ್ಣು ಮಂಜಾಗ್ಯಾವ. ಕನ್ನಡಕ ಬರೆದೀವಿ.”

“ಆಕಿಗಿ ಮೊದಲಿಂದನೂ ಸೂಜಿಗಿ ದಾರ ಪೋಣಿಸ್ಲಕ ಆಗ್ತಿದ್ದಿಲ್ಲ. ನಾನೇ ಪೋಣಿಸಿ ಕೊಡ್ತಿದ್ದೆ.”

ಕನ್ನಡಕ ಒಯ್ಯಲು ಮತ್ತೆ ಬರುತ್ತಾಳೆ, ನೀನೂ ಅಂಗಡಿಗೆ ಬರ್ತಿಯೇನು ಅಂತ ಕೇಳಿದೆ.

“ನಾ ಯಾಕ ಬರ್ಲಿ?” ಅಂದು ಗೋಡೆಯ ಕಡೆ ಮುಖ ತಿರುಗಿಸಿದ.

ಎಣ್ಣೆಯ ಬಾಟಲಿ ಮುಚ್ಚಿ, ಕೈ ತೊಳೆದು, ಅನ್ನಕ್ಕೆ ಇಟ್ಟೆ. ಅನ್ನ ಕುದಿಯಲು ಶುರುವಾದ ಮೇಲೆ ಹಿಂದಿನಿಂದ ಕೇಳಿದ:

“ಯಾವತ್ತ ಬರ್ತಾಳಂತ?”

ಸೌಂದರ್ಯಾ